ಹುಳ ಬಿಡಿಸುವ ವಿದ್ಯೆ: ತುಂಗಾ-ಭದ್ರೆಯರ ನಡುವಿನ ಮರದ ಚರಿತ್ರೆ

ಶ್ರೀಗಂಧದ ವ್ಯಾಪಾರಿಗಳು ಒಂದು ಕಾಲಕ್ಕೆ ಗೆದ್ದಲನ್ನು ಓಡಿಸುತ್ತಿರಲಿಲ್ಲ, ಕೆಲಸಕ್ಕೆ ಹಚ್ಚುತ್ತಿದ್ದರು. ಕೃಷ್ಣಪಕ್ಷದಲ್ಲಿ ಮರ ಕಡಿದು, ಕೂಡಲೇ ತೊಗಟೆ ಸುಲಿದು, ಎರಡಡಿ ಉದ್ದದ ತುಂಡು ಮಾಡಿ, ಒಣ ನೆಲದಲ್ಲಿ ಎರಡು ತಿಂಗಳು ಹೂತಿಡುವುದು ಪದ್ಧತಿ. ಪಶ್ಚಿಮ ಕರಾವಳಿಯ ಬಂದರುಗಳಿಂದ ಹಡಗು ಹತ್ತುತ್ತಿದ್ದ ಗಂಧದ ಬಗ್ಗೆ 19ನೇ ಶತಮಾನದ ಆರಂಭದ ಇಂಗ್ಲಿಷ್ ಬರಹಗಳಲ್ಲಿ ಇದರ ವಿವರ ಇದೆ. ಹೂತಿಟ್ಟ ತುಂಡುಗಳ ಹೊರಗಿನ ಬಿಳಿ ಮರವನ್ನೆಲ್ಲ ಗೆದ್ದಲು ತಿಂದು ಮುಗಿಸುತ್ತಿತ್ತು. ಎಣ್ಣೆ ತುಂಬಿದ ಚೇಗಿನ ತಂಟೆಗೆ ಮಾತ್ರ ಹೋಗುತ್ತಿರಲಿಲ್ಲ. ಎರಡು ತಿಂಗಳ ಮೇಲೆ ಅಗೆದು ತೆಗೆದರೆ ಕೈಗೆ ಸಿಗುತ್ತಿದ್ದುದು ಶುದ್ಧ ಗಂಧ.

1792ರಲ್ಲಿ ಟಿಪ್ಪು ಸುಲ್ತಾನ್ ಗಂಧವನ್ನು ರಾಜವೃಕ್ಷವೆಂದು ಘೋಷಿಸಿದ ಮೇಲೆ ಈ ವ್ಯಾಪಾರ ಸರ್ಕಾರದ ಕೈಗೆ ಬಂತು. 1944ರಲ್ಲಿ ಶಿವಮೊಗ್ಗದಲ್ಲೇ ಸರ್ಕಾರಿ ಗಂಧದೆಣ್ಣೆ ಕಾರ್ಖಾನೆ ಶುರುವಾಯಿತು. ಅಷ್ಟು ಹೊತ್ತಿಗೆ ಬಿಳಿ ಮರ ಕೆತ್ತಿ ತೆಗೆಯಲು ಗೆದ್ದಲಿನ ಬದಲು ಕೊಡಲಿ, ಬಾಚಿ ಬಂದಿದ್ದವು. ಆದರೆ ಆ ಹಳೆಯ ಪದ್ಧತಿಯ ಹಿಂದಿದ್ದ ತಿಳಿವಳಿಕೆ ಇವತ್ತಿಗೂ ಸುಳ್ಳಾಗಿಲ್ಲ. ಹುಳಕ್ಕೆ ಮರವೆಲ್ಲ ಒಂದೇ ಅಲ್ಲ. ಅದಕ್ಕೆ ಬೇಕಾದದ್ದು ಹೊರಪದರದ ಮೆದು ಮರ, ಅದರೊಳಗೆ ಉಳಿದ ಪಿಷ್ಟ, ತೊಗಟೆಯ ಕೆಳಗಿನ ತೇವ. ಅವಷ್ಟನ್ನು ಕಳೆದುಬಿಟ್ಟರೆ ವಿಷದ ಅಗತ್ಯ ಬಹುಮಟ್ಟಿಗೆ ಬೀಳುವುದಿಲ್ಲ.

ಮಲೆನಾಡಿನ ಬಡಗಿಗಳಿಗೆ ಇದು ಬಾಯಿಪಾಠ. ಬಿದಿರು ಕಡಿದರೆ ಕೆರೆಯಲ್ಲೋ ಹೊಳೆಯ ಮಡುವಿನಲ್ಲೋ ಕಲ್ಲು ಹೇರಿ ವಾರಗಟ್ಟಲೆ ಮುಳುಗಿಸಿಡುತ್ತಿದ್ದರು. ನೀರು ಬಣ್ಣಗೆಟ್ಟು ನಾರುವುದೆಂದರೆ ಒಳಗಿನ ಪಿಷ್ಟ ಕರಗಿ ಹೊರಬರುತ್ತಿದೆ ಎಂದರ್ಥ. ಪಿಷ್ಟ ಹೋದ ಬಿದಿರಿನಲ್ಲಿ ಕುಟ್ಟೆ ಹುಳದ ಮರಿಗೆ ತಿನ್ನಲು ಏನೂ ಉಳಿಯುವುದಿಲ್ಲ. ಅಮಾವಾಸ್ಯೆಯ ಹತ್ತಿರ ಕಡಿದ ಮರಕ್ಕೆ ಹುಳ ಬೀಳುವುದಿಲ್ಲ ಎಂಬ ನಂಬಿಕೆಯೂ ಇತ್ತು, ಈಗಲೂ ಇದೆ. ಅದರಲ್ಲಿ ಚಂದ್ರನಿಗಿಂತ ಋತುವಿನ ಪಾಲೇ ಹೆಚ್ಚಿರಬೇಕು. ಮರದೊಳಗಿನ ಪಿಷ್ಟ ಕಾಲಕ್ಕೆ ತಕ್ಕಂತೆ ಏರುತ್ತದೆ, ಇಳಿಯುತ್ತದೆ. ಕಡಿಯುವ ತಿಂಗಳು ಸರಿಯಾಗಿದ್ದರೆ ಅರ್ಧ ಕೆಲಸ ಮುಗಿದಂತೆ.

ಅಡುಗೆಮನೆಯ ಮೇಲಿನ ಅಟ್ಟದಲ್ಲಿ ಇಟ್ಟ ರೀಪು, ಪಕಾಸಿಗಳಿಗೆ ಒಲೆಯ ಹೊಗೆ ಹಿಡಿದು ಮೈಯೆಲ್ಲ ಕಪ್ಪಾಗುತ್ತಿತ್ತು. ಹೊಗೆಯಲ್ಲಿರುವ ಟಾರು ಮತ್ತು ಆಮ್ಲಗಳು ಮರಕ್ಕೆ ಅಂಟಿಕೊಂಡು ಹುಳವನ್ನು ದೂರ ಇಡುತ್ತಿದ್ದವು. ಜಂತಿಗೆ ಗೇರೆಣ್ಣೆ ಬಳಿಯುವುದು ಇನ್ನೊಂದು ಉಪಾಯ. ಗೇರುಬೀಜದ ಸಿಪ್ಪೆಯಿಂದ ಬರುವ ಆ ಎಣ್ಣೆ ಕೈಗೆ ತಾಗಿದರೆ ಚರ್ಮ ಸುಲಿಯುತ್ತದೆ, ಅಷ್ಟು ಉರಿ. ಬಳಿಯುವವರು ಕೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡೇ ಕೆಲಸಕ್ಕೆ ಇಳಿಯಬೇಕು.

ಶಿವಮೊಗ್ಗ ನಗರದಲ್ಲಿ ಶಿವಪ್ಪ ನಾಯಕನ ಅರಮನೆ ಎಂದು ಕರೆಯುವ ಕಟ್ಟಡಕ್ಕೆ ಹೋದವರು ಆ ಹಳೆಯ ಎಚ್ಚರವನ್ನು ಕಣ್ಣಾರೆ ಕಾಣಬಹುದು. ಕಟ್ಟಡದ ಕಾಲ ನಾಯಕನ ನಂತರದ್ದು, ಹೈದರಾಲಿಯ ದಿನಗಳದ್ದು ಎಂಬ ಅಭಿಪ್ರಾಯವಿದೆ. ಈಗ ಅದು ಸರ್ಕಾರಿ ವಸ್ತುಸಂಗ್ರಹಾಲಯ. ದರ್ಬಾರಿನ ದಪ್ಪ ದಪ್ಪ ಮರದ ಕಂಬಗಳು ಮಲೆನಾಡಿನ ಮಳೆಯನ್ನೂ ಗೆದ್ದಲನ್ನೂ ತಾಳಿಕೊಂಡು ನಿಂತಿವೆ. ಗಟ್ಟಿ ಜಾತಿಯ ಮರ, ಚೇಗಿನ ಭಾಗ, ಚೆನ್ನಾಗಿ ಒಣಗಿಸಿದ್ದು, ನೆಲದ ತೇವ ತಾಗದಂತೆ ಕಲ್ಲಿನ ಮೇಲೆ ಊರಿದ್ದು. ಗುಟ್ಟು ಇಷ್ಟೇ.

ಸರಕು ಸಾಗಿಸುವ ಪೆಟ್ಟಿಗೆಯ ಪಾಡು ಇದಕ್ಕೆ ತದ್ವಿರುದ್ಧ. ಪ್ಯಾಕಿಂಗ್‌ಗೆ ಯಾರೂ ತೇಗ, ಹೊನ್ನೆ, ಮತ್ತಿ ಹಾಕುವುದಿಲ್ಲ. ಸಾಮಿಲ್‌ನಲ್ಲಿ ಒಳ್ಳೆಯ ಹಲಗೆಗಳನ್ನು ಆರಿಸಿ ತೆಗೆದ ಮೇಲೆ ಉಳಿಯುವ ಅಂಚು, ಮಾವು, ಸಿಲ್ವರ್ ಓಕ್, ರಬ್ಬರ್, ನೀಲಗಿರಿ, ಅಕೇಶಿಯಾ, ಎಲ್ಲವೂ ಅಗ್ಗದ ಮರ. ಬಹುಪಾಲು ಬಿಳಿ ಮರವೇ. ಹಸಿಯಾಗಿರುವಾಗಲೇ ಕೊಯ್ದು ಮೊಳೆ ಹೊಡೆದದ್ದು. ಅಂಚಿನಲ್ಲಿ ತೊಗಟೆ ಇನ್ನೂ ಅಂಟಿಕೊಂಡಿರುತ್ತದೆ. ಹುಳಕ್ಕೆ ಇದಕ್ಕಿಂತ ಒಳ್ಳೆಯ ಮನೆ ಬೇಡ. ತಾಯಿಹುಳ ಮರದ ಸಣ್ಣ ರಂಧ್ರಗಳಲ್ಲೋ ತೊಗಟೆಯ ಬಿರುಕಿನಲ್ಲೋ ಮೊಟ್ಟೆ ಇಡುತ್ತದೆ. ಮರಿ ಒಳಗೇ ಸುರಂಗ ಕೊರೆಯುತ್ತಾ ತಿಂಗಳುಗಟ್ಟಲೆ, ಕೆಲವು ಜಾತಿಗಳಲ್ಲಿ ವರ್ಷಗಟ್ಟಲೆ ಬೆಳೆಯುತ್ತದೆ. ಹಲಗೆಯ ಮೈಮೇಲೆ ಗುಂಡುಸೂಜಿಯ ತಲೆಯಷ್ಟು ತೂತು, ಅದರ ಕೆಳಗೆ ಹಿಟ್ಟಿನಂಥ ಪುಡಿ ಕಂಡಾಗ ಹುಳ ಆಗಲೇ ರೆಕ್ಕೆ ಬಿಚ್ಚಿ ಹಾರಿಹೋಗಿರುತ್ತದೆ. ಅದಕ್ಕೇ ಪೆಟ್ಟಿಗೆಯನ್ನು ಹೊರಗಿನಿಂದ ನೋಡಿ ಹುಳವಿಲ್ಲ ಎಂದು ಹೇಳಲು ಯಾರಿಂದಲೂ ಆಗದು.

ಇಂಥ ಪೆಟ್ಟಿಗೆ ಶಿವಮೊಗ್ಗ, ಭದ್ರಾವತಿಗಳಿಂದ ದೂರದೇಶಕ್ಕೆ ಹೋಗುವಂತಾದದ್ದಕ್ಕೆ ಒಂದು ಶತಮಾನದ ಕಥೆ ಇದೆ. ಬೀರೂರಿನಿಂದ ಶಿವಮೊಗ್ಗಕ್ಕೆ ರೈಲು ಬಂದದ್ದು 1899ರಲ್ಲಿ. ದಾರಿಯಲ್ಲಿ ಭದ್ರೆಯ ದಡದ ಬೆಂಕಿಪುರ ಎಂಬ ಸಣ್ಣ ಊರು. 1918ರಲ್ಲಿ ಮೈಸೂರು ಸಂಸ್ಥಾನ ಅಲ್ಲಿ ಕಬ್ಬಿಣದ ಕಾರ್ಖಾನೆ ಕಟ್ಟಲು ತೀರ್ಮಾನಿಸಿತು. ಊರು ಭದ್ರಾವತಿಯಾಯಿತು. ಕಲ್ಲಿದ್ದಲು ಹತ್ತಿರದಲ್ಲೆಲ್ಲೂ ಇಲ್ಲ, ಕಾಡು ಮಾತ್ರ ಕಣ್ಣು ಹಾಯಿಸಿದಷ್ಟು. ಹಾಗಾಗಿ ಕುಲುಮೆಗೆ ಮರದ ಇದ್ದಿಲೇ ಗತಿ. ಕಾರ್ಖಾನೆಯ ಮೊದಲ ಹೆಸರೇ ಮೈಸೂರ್ ವುಡ್ ಡಿಸ್ಟಿಲೇಷನ್ ಅಂಡ್ ಐರನ್ ವರ್ಕ್ಸ್. ಮರಕ್ಕೆ ಮೊದಲ ಜಾಗ, ಕಬ್ಬಿಣಕ್ಕೆ ಎರಡನೆಯದು. 1923ರ ಜನವರಿ 18ರಂದು ಉತ್ಪಾದನೆ ಆರಂಭವಾಯಿತು. ಅದೇ ವರ್ಷ ಸರ್ ಎಂ. ವಿಶ್ವೇಶ್ವರಯ್ಯ ಆಡಳಿತ ಮಂಡಳಿಯ ಅಧ್ಯಕ್ಷರಾಗಿ ಬಂದು 1929ರವರೆಗೆ ಇದ್ದರು.

ಭದ್ರಾವತಿಯಲ್ಲಿ ಮರವನ್ನು ಸುಮ್ಮನೆ ಸುಟ್ಟು ಇದ್ದಿಲು ಮಾಡುತ್ತಿರಲಿಲ್ಲ. ಗಾಳಿಯಾಡದ ದೊಡ್ಡ ಪಾತ್ರೆಗಳಲ್ಲಿ ಹೊರಗಿನಿಂದ ಕಾಯಿಸುತ್ತಿದ್ದರು. ಹೀಗೆ ಕಾಯಿಸಿದಾಗ ಏಳುವ ಆವಿಯನ್ನು ಹಿಡಿದು ತಣಿಸಿದರೆ ಟಾರು, ಮರದೆಣ್ಣೆ, ಮೀಥೈಲ್ ಆಲ್ಕೋಹಾಲ್ ಸಿಗುತ್ತಿದ್ದವು. ಆಮ್ಲವನ್ನು ಸುಣ್ಣಕ್ಕೆ ಸೇರಿಸಿ ಅಸಿಟೇಟ್ ಮಾಡುತ್ತಿದ್ದರು. ಹಳೆಯ ಅಟ್ಟದ ಒಲೆ ಹೊಗೆಯಲ್ಲಿ ಮರಕ್ಕೆ ಅಂಟುತ್ತಿದ್ದ ಪದಾರ್ಥಗಳ ಗುಂಪೇ ಇಲ್ಲಿ ಪೀಪಾಯಿಗಳಲ್ಲಿ ತುಂಬಿಕೊಳ್ಳುತ್ತಿತ್ತು.

ದುರದೃಷ್ಟವೆಂದರೆ ಭದ್ರಾವತಿಯ ಕುಲುಮೆ ಹೊತ್ತಿದ ಆ 1923ರಲ್ಲೇ ಜರ್ಮನಿಯ ಬಿಎಎಸ್‌ಎಫ್ ಕಂಪನಿ ಅನಿಲಗಳಿಂದ ನೇರವಾಗಿ ಮೀಥೈಲ್ ಆಲ್ಕೋಹಾಲ್ ತಯಾರಿಸುವ ಕಾರ್ಖಾನೆ ತೆರೆಯಿತು. ಅದರ ಬೆಲೆಯೊಂದಿಗೆ ಮರದಿಂದ ಬಟ್ಟಿ ಇಳಿಸಿದ ಸರಕು ಪೈಪೋಟಿ ನಡೆಸುವುದು ಲೋಕದಲ್ಲೆಲ್ಲೂ ಸುಲಭವಾಗಲಿಲ್ಲ. ಭದ್ರಾವತಿ 1936ರಲ್ಲಿ ಉಕ್ಕಿಗೆ, ಮುಂದೆ ಸಿಮೆಂಟಿಗೆ ಕೈ ಹಾಕಿತು. ಜೋಗದ ವಿದ್ಯುತ್ ಬಂದ ಮೇಲೆ 1950ರ ದಶಕದಲ್ಲಿ ವಿದ್ಯುತ್ ಕುಲುಮೆಗಳು ಬಂದವು. 1936ರಲ್ಲೇ ಮೈಸೂರು ಕಾಗದ ಕಾರ್ಖಾನೆಯೂ ಅದೇ ಊರಿನಲ್ಲಿ ಹುಟ್ಟಿತು. ಕಬ್ಬಿಣ ಕರಗಿಸುವುದು, ಅಚ್ಚಿಗೆ ಎರೆಯುವುದು, ಕಡೆಯುವುದು ಗೊತ್ತಿದ್ದ ಜನ ಈ ಸೀಮೆಯಲ್ಲಿ ಬೆಳೆದರು. ಇವತ್ತು ಶಿವಮೊಗ್ಗ ಮತ್ತು ಭದ್ರಾವತಿಯ ನಡುವಿನ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದಲ್ಲೂ ಸುತ್ತಮುತ್ತಲೂ ಇರುವ ಫೌಂಡ್ರಿಗಳು ಆ ಪರಂಪರೆಯ ಕವಲುಗಳು. ವಾಹನಗಳಿಗೆ, ಯಂತ್ರಗಳಿಗೆ ಬೇಕಾದ ಎರಕದ ಭಾಗಗಳು ಇಲ್ಲಿಂದ ಹೊರದೇಶಗಳಿಗೂ ಹೋಗುತ್ತವೆ. ಎರಕ ಎಂದರೆ ಭಾರ. ಭಾರಕ್ಕೆ ಗಟ್ಟಿ ತಳದ ಮರದ ಪ್ಯಾಲೆಟ್ ಬೇಕೇ ಬೇಕು.

ಇತ್ತ ಹುಳದ ವಿರುದ್ಧದ ಹೋರಾಟಕ್ಕೆ 20ನೇ ಶತಮಾನ ವಿಷವನ್ನು ತಂದಿತು. ಅದರ ಮೊದಲ ಪುಟ ಒಳ್ಳೆಯದೇ. 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಸೇರಿದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಮಲೆನಾಡಿನ ಅಡಿಕೆ ತೋಟಗಳ ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣದ ಬೋರ್ಡೋ ದ್ರಾವಣವನ್ನು ರೂಢಿಗೆ ತಂದರು. ತಾಮ್ರ ಅಡಿಕೆಯನ್ನು ಉಳಿಸಿತು, ಇವತ್ತಿಗೂ ಉಳಿಸುತ್ತಿದೆ. ಮರಕ್ಕೆ ತಾಮ್ರದ ಜೊತೆ ಇನ್ನೆರಡು ಸೇರಿದವು. ಡೆಹ್ರಾಡೂನ್‌ನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿ ಸೊಂಟಿ ಕಾಮೇಶಂ ಅವರು 1933ರಲ್ಲಿ ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಬೆರೆಸಿ ಮಾಡಿದ ‘ಆಸ್ಕು’ ಜಗತ್ತಿನಾದ್ಯಂತ ಕಂಬ, ಸ್ಲೀಪರ್, ಬೇಲಿಗೂಟಗಳಿಗೆ ಹರಡಿತು. ಭಾರತದಲ್ಲಿ ಹುಟ್ಟಿದ ಇಷ್ಟು ದೊಡ್ಡ ಕೈಗಾರಿಕಾ ಆವಿಷ್ಕಾರದ ಹೆಸರು ನಮ್ಮ ಶಾಲಾಪುಸ್ತಕಗಳಲ್ಲಿ ಕಾಣುವುದು ಅಪರೂಪ. ಮಣ್ಣಿನಲ್ಲಿ ಊರುವ ಕಂಬಕ್ಕೆ ಅದು ವರವೇ. ಆದರೆ ಮನೆಬಳಕೆಯ ಮರಕ್ಕೆ ಹಾಕುವುದನ್ನು ಅಮೆರಿಕದ ತಯಾರಕರು 2003ರ ಕೊನೆಗೆ ನಿಲ್ಲಿಸಿದರು, ಕಾರಣ ಆರ್ಸೆನಿಕ್.

ಪೆಟ್ಟಿಗೆಯ ಮರಕ್ಕೆ ಇಂಥ ಔಷಧಿ ಏಕೆ ಕೂಡದು ಎಂಬುದಕ್ಕೆ ಶಿವಮೊಗ್ಗದಂಥ ಊರಿನಲ್ಲಿ ದೂರ ಹುಡುಕಬೇಕಿಲ್ಲ. ಮುರಿದ ಪ್ಯಾಲೆಟ್ಟು ಸೌದೆಯಾಗುತ್ತದೆ. ಕಾರ್ಖಾನೆಯ ಹಿಂಬದಿಯಲ್ಲಿ ರಾಶಿ ಬಿದ್ದ ಹಲಗೆ ತುಂಡುಗಳು ಸ್ನಾನದ ಹಂಡೆಯ ಕೆಳಗೆ, ಹೋಟೆಲಿನ ಒಲೆಗೆ, ಕೂಲಿಯವರ ಅಡುಗೆಗೆ ಸೇರುತ್ತವೆ. ಆರ್ಸೆನಿಕ್ ಕುಡಿದ ಮರ ಸುಟ್ಟರೆ ವಿಷ ಹೊಗೆಯಲ್ಲೂ ಬೂದಿಯಲ್ಲೂ ಉಳಿಯುತ್ತದೆ. ಆ ಬೂದಿಯಲ್ಲಿ ಪಾತ್ರೆ ತಿಕ್ಕುವ ಕೈಗಳು ಯಾರದು ಎಂದು ಯೋಚಿಸಿದರೆ ಪೆಟ್ಟಿಗೆಗೆ ಏನು ಬಳಿಯಬೇಕು ಎಂಬ ಪ್ರಶ್ನೆ ಬರೀ ತಾಂತ್ರಿಕವಾಗಿ ಉಳಿಯುವುದಿಲ್ಲ.

ಇದಕ್ಕಿಂತ ಸೌಮ್ಯವಾದದ್ದು ಬೋರಾನ್. ಬೊರಾಕ್ಸ್, ಬೋರಿಕ್ ಆಮ್ಲ ಕರಗಿಸಿದ ನೀರಿನಲ್ಲಿ ಹಸಿ ಹಲಗೆಯನ್ನು ಅದ್ದಿ, ಟಾರ್ಪಾಲಿನ ಕೆಳಗೆ ಒಟ್ಟಿ ಬಿಟ್ಟರೆ ಲವಣ ತಾನಾಗಿ ಒಳಕ್ಕೆ ಹರಡುತ್ತದೆ. ಕುಟ್ಟೆಗೆ ಸುಲಭವಾಗಿ ತುತ್ತಾಗುವ ರಬ್ಬರ್ ಮರ ಪೀಠೋಪಕರಣವಾಗಲು ಸಾಧ್ಯವಾದದ್ದೇ ಇದರಿಂದ. ಮೈಸೂರು ಸರ್ಕಾರ 1938ರಲ್ಲಿ ಬೆಂಗಳೂರಿನಲ್ಲಿ ತೆರೆದ ಅರಣ್ಯ ಸಂಶೋಧನಾ ಪ್ರಯೋಗಾಲಯ 1988ರಲ್ಲಿ ಮಲ್ಲೇಶ್ವರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಾಯಿತು. ಮರ ಸಂರಕ್ಷಣೆ ಅಲ್ಲಿನ ಮುಖ್ಯ ವಿಷಯಗಳಲ್ಲೊಂದು. ಬೋರಾನಿನ ಕೊರತೆ ಒಂದೇ: ಮಳೆಗೆ ತೊಳೆದುಹೋಗುತ್ತದೆ. ಮೇಲಾಗಿ ರಫ್ತು ಪೆಟ್ಟಿಗೆಗೆ ಅದೊಂದನ್ನೇ ಮಾಡಿದರೆ ಅಂತರರಾಷ್ಟ್ರೀಯ ನಿಯಮ ಒಪ್ಪುವುದಿಲ್ಲ.

ಆ ನಿಯಮ ಹುಟ್ಟಿದ್ದು ಬೇರೆಯವರ ನಷ್ಟದಿಂದ. 1996ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ರಸ್ತೆಬದಿಯ ಮೇಪಲ್ ಮರಗಳ ಕಾಂಡದಲ್ಲಿ ಬೆರಳು ತೂರುವಷ್ಟು ತೂತುಗಳು ಕಂಡವು. ಏಷ್ಯಾದ ಉದ್ದ ಮೀಸೆಯ ಕೊರಕ ದುಂಬಿ ಸರಕಿನ ಪೆಟ್ಟಿಗೆಗಳಲ್ಲಿ ಕೂತು ಸಾಗರ ದಾಟಿತ್ತು. 1998ರಲ್ಲಿ ಷಿಕಾಗೋದಲ್ಲೂ ಸಿಕ್ಕಿತು. ಸಾವಿರಾರು ಮರಗಳನ್ನು ಕಡಿದು ಪುಡಿ ಮಾಡಬೇಕಾಯಿತು. 1999ರಲ್ಲಿ ಪೋರ್ಚುಗಲ್‌ನಲ್ಲಿ ಪೈನ್ ಮರವನ್ನು ಒಣಗಿಸುವ ಜಂತುಹುಳ ಪತ್ತೆಯಾಯಿತು. 2002ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಆ್ಯಷ್ ಮರಗಳನ್ನು ಕೊಲ್ಲುವ ಹಸಿರು ಕೊರಕ. ಕಾಫಿ ಗಿಡದ ಬಿಳಿ ಕಾಂಡಕೊರಕ ಮಾಡುವ ಹಾವಳಿ ನೋಡಿದ ಚಿಕ್ಕಮಗಳೂರು, ಕೊಡಗಿನ ಬೆಳೆಗಾರರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಾಂಡದೊಳಗೆ ಹೊಕ್ಕ ಹುಳಕ್ಕೆ ಹೊರಗಿನಿಂದ ಮದ್ದಿಲ್ಲ, ಗಿಡ ಕಿತ್ತು ಸುಡುವುದೇ ದಾರಿ.

ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಆಶ್ರಯದಲ್ಲಿ 2002ರಲ್ಲಿ ಐಎಸ್‌ಪಿಎಂ-15 ಎಂಬ ಮಾನದಂಡ ಬಂತು. ಯುರೋಪ್ ಒಕ್ಕೂಟ 2005ರ ಮಾರ್ಚ್‌ನಿಂದ, ಅಮೆರಿಕ ಅದೇ ವರ್ಷದ ಸೆಪ್ಟೆಂಬರ್‌ನಿಂದ ಇದನ್ನು ಜಾರಿಗೆ ತಂದವು. ಮಾಚೇನಹಳ್ಳಿಯಲ್ಲಿ ಎರಕದ ತುಂಡಿಗೆ ತುಕ್ಕು ಹಿಡಿಯದಂತೆ ಎಣ್ಣೆ ಹಚ್ಚಿ ಪೆಟ್ಟಿಗೆಯಲ್ಲಿಡುವವರು ಹಲಗೆಯ ಮೇಲಿನ ಒಂದು ಸಣ್ಣ ಮುದ್ರೆಯನ್ನು ನೋಡಿಕೊಳ್ಳುವುದೂ ಅಂದಿನಿಂದ ಅವರ ಕೆಲಸವಾಯಿತು. ಚೌಕದೊಳಗೆ ಎಡಕ್ಕೆ ಒಂದು ಗೋಧಿತೆನೆ. ಬಲಕ್ಕೆ ‘ಐಎನ್’ ಎಂಬ ದೇಶದ ಗುರುತು, ಮರ ಸಂಸ್ಕರಿಸಿದ ಘಟಕದ ಸಂಖ್ಯೆ, ಕೊನೆಗೆ ಎರಡು ಅಕ್ಷರ: ‘ಎಚ್‌ಟಿ’ ಎಂದರೆ ಕಾಯಿಸಿದ್ದು, ‘ಎಂಬಿ’ ಎಂದರೆ ಮೀಥೈಲ್ ಬ್ರೋಮೈಡ್ ಅನಿಲ ಹಾಯಿಸಿದ್ದು. ಯಾವುದೇ ಆಗಲಿ, ತೊಗಟೆ ತೆಗೆದಿರಬೇಕು. ಅಲ್ಲಲ್ಲಿ ಉಳಿದ ತೊಗಟೆಯ ಅಗಲ 3 ಸೆಂಟಿಮೀಟರಿಗಿಂತ ಕಡಿಮೆ ಇದ್ದರೆ ಉದ್ದ ಎಷ್ಟಿದ್ದರೂ ನಡೆಯುತ್ತದೆ. ಅಗಲ ಅದಕ್ಕಿಂತ ಹೆಚ್ಚಾದರೆ ಒಂದೊಂದು ತುಣುಕೂ 50 ಚದರ ಸೆಂಟಿಮೀಟರಿನ ಒಳಗಿರಬೇಕು. ಪ್ಲೈವುಡ್ಡಿಗೂ 6 ಮಿಲಿಮೀಟರ್ ಅಥವಾ ಅದಕ್ಕಿಂತ ತೆಳು ಹಲಗೆಗೂ ವಿನಾಯಿತಿ.

ಆ ಎರಡು ಅಕ್ಷರಗಳ ನಡುವಿನ ಆಯ್ಕೆಯಲ್ಲೇ ಇಡೀ ಕಥೆ ಇದೆ.

ಮೀಥೈಲ್ ಬ್ರೋಮೈಡನ್ನು ಕೀಟನಾಶಕವಾಗಿ ಬಳಸಬಹುದೆಂದು 1932ರಲ್ಲಿ ಫ್ರಾನ್ಸ್‌ನಲ್ಲಿ ಕಂಡುಕೊಂಡರು. ಅದನ್ನು ತಯಾರಿಸುವುದು ಬ್ರೋಮಿನ್ ಮತ್ತು ಮೀಥೈಲ್ ಆಲ್ಕೋಹಾಲಿನಿಂದ. ಭದ್ರಾವತಿಯಲ್ಲಿ ಮರ ಕಾಯಿಸಿ ಇಳಿಸುತ್ತಿದ್ದ ಆಲ್ಕೋಹಾಲ್ ಅದೇ ರಾಸಾಯನಿಕ. ಸುಮಾರು 4 ಡಿಗ್ರಿ ಸೆಲ್ಸಿಯಸ್‌ಗೇ ಕುದಿದು ಅನಿಲವಾಗುವ ಇದಕ್ಕೆ ಬಣ್ಣವಿಲ್ಲ, ಕೊಲ್ಲುವ ಪ್ರಮಾಣದಲ್ಲೂ ಎಚ್ಚರಿಸುವಂಥ ವಾಸನೆಯಿಲ್ಲ. ಸೋರಿದರೆ ಗೊತ್ತಾಗಲೆಂದು ಕಣ್ಣುರಿಸುವ ಕ್ಲೋರೋಪಿಕ್ರಿನ್ ಅನ್ನು ಸ್ವಲ್ಪ ಬೆರೆಸುವುದುಂಟು. ಪೆಟ್ಟಿಗೆಗಳ ಮೇಲೆ ಅನಿಲ ಸೋರದ ಹಾಳೆ ಹೊದೆಸಿ, ಅಂಚಿಗೆ ಮರಳು ತುಂಬಿದ ಉದ್ದನೆಯ ಚೀಲಗಳನ್ನು ಹೇರಿ, ಕೊಳವೆಯಲ್ಲಿ ಅನಿಲ ಬಿಟ್ಟು 24 ಗಂಟೆ ಮುಚ್ಚಿಡುತ್ತಾರೆ. 21 ಡಿಗ್ರಿಗಿಂತ ಬೆಚ್ಚಗಿದ್ದರೆ ಘನ ಮೀಟರಿಗೆ 48 ಗ್ರಾಂ, 16ರಿಂದ 21ರ ನಡುವೆ 56 ಗ್ರಾಂ, ಅದಕ್ಕೂ ತಂಪಾದರೆ 64 ಗ್ರಾಂ ಎಂಬುದು ಶಿಫಾರಸಿನ ಲೆಕ್ಕ. ಶಿವಮೊಗ್ಗದಲ್ಲಿ ಡಿಸೆಂಬರಿನ ರಾತ್ರಿಗಳು 21 ಡಿಗ್ರಿಗಿಂತ ಎಷ್ಟೋ ಕೆಳಗಿಳಿಯುತ್ತವೆ. ಚಳಿ ಹೆಚ್ಚಿದಷ್ಟೂ ವಿಷ ಹೆಚ್ಚು ಬೇಕು.

ಆಮೇಲಿನದೇ ಅಪಾಯದ ಗಳಿಗೆ. ಹಾಳೆ ಸರಿಸಿದ ಕೂಡಲೇ ಅನಿಲ ಅಲ್ಲಿರುವವರ ಮೂಗಿನ ಮಟ್ಟಕ್ಕೆ ಬರುತ್ತದೆ. ಗಾಳಿಗಿಂತ ಭಾರವಾದ್ದರಿಂದ ಕೆಳಗೆ ತಗ್ಗಿನಲ್ಲಿ ನಿಲ್ಲುತ್ತದೆ. ಅದು ದಶಲಕ್ಷಕ್ಕೆ 5 ಭಾಗಕ್ಕಿಂತ ಕೆಳಗಿಳಿದಿದೆ ಎಂದು ಅಳತೆಯ ಉಪಕರಣ ತೋರಿಸುವ ತನಕ ಯಾರೂ ಹತ್ತಿರ ಸುಳಿಯಬಾರದು. ಹೆಚ್ಚು ಉಸಿರಾಡಿದರೆ ಪುಪ್ಪುಸಕ್ಕೂ ನರಮಂಡಲಕ್ಕೂ ಏಟು. ನಡುಕ, ಮಾತು ತೊದಲುವುದು, ಸೆಳವು, ಕೆಲವೊಮ್ಮೆ ಗಂಟೆಗಳು ಕಳೆದ ಮೇಲೆ ಶುರುವಾಗುತ್ತವೆ. ತಲೆನೋವೆಂದು ಮನೆಗೆ ಹೋದವನಿಗೆ ರಾತ್ರಿ ಫಿಟ್ಸ್ ಬಂದರೆ ಕಾರಣ ಹಗಲಿನ ಕೆಲಸವೆಂದು ಮನೆಯವರಿಗೆ ಹೊಳೆಯುವುದು ಹೇಗೆ? ಅದಕ್ಕೇ ಭಾರತದಲ್ಲಿ ಇದನ್ನು ಅನುಮತಿ ಪಡೆದ ಪರಿಣತರ ಮೇಲ್ವಿಚಾರಣೆಯಲ್ಲಿ ಮಾತ್ರ ಬಳಸಬೇಕೆಂಬ ನಿರ್ಬಂಧ ಇದೆ.

ಆಕಾಶಕ್ಕೆ ಬಿಟ್ಟ ಅನಿಲ ಅಲ್ಲಿಗೇ ಮುಗಿಯುವುದಿಲ್ಲ. ಬ್ರೋಮಿನ್ ಓಝೋನ್ ಪದರವನ್ನು ಕ್ಲೋರಿನ್ನಿಗಿಂತ ಹತ್ತಾರು ಪಟ್ಟು ವೇಗವಾಗಿ ಹಾಳುಮಾಡುತ್ತದೆ. 1987ರ ಮಾಂಟ್ರಿಯಲ್ ಒಪ್ಪಂದದ ಪಟ್ಟಿಗೆ ಇದು 1992ರಲ್ಲಿ ಸೇರಿತು. ಮುಂದುವರಿದ ದೇಶಗಳಿಗೆ 2005, ಉಳಿದವರಿಗೆ 2015 ಕೊನೆಯ ಗಡುವಾಯಿತು. ಆದರೆ ಕೀಟ ದಾಟದಂತೆ ತಡೆಯುವ ಸಂಗರೋಧದ ಬಳಕೆಗೆ ಮತ್ತು ಸರಕು ಹೊರಡುವ ಮುನ್ನಿನ ಸಂಸ್ಕರಣೆಗೆ ಒಪ್ಪಂದ ವಿನಾಯಿತಿ ಕೊಟ್ಟಿತು. ಹೊಲದ ಮಣ್ಣಿಗೆ ಬೇಡವಾದ ಅನಿಲ ಪೆಟ್ಟಿಗೆಯ ಹೆಸರಿನಲ್ಲಿ ಉಳಿದುಕೊಂಡಿತು. 2010ರಲ್ಲಿ ಯುರೋಪ್ ಒಕ್ಕೂಟ ತನ್ನ ನೆಲದಲ್ಲಿ ಈ ಬಳಕೆಯನ್ನೂ ನಿಲ್ಲಿಸಿತು. ಬೇರೆ ದೇಶಗಳಲ್ಲಿ ಅನಿಲ ಹಾಯಿಸಿ ‘ಎಂಬಿ’ ಮುದ್ರೆ ಒತ್ತಿದ ಪೆಟ್ಟಿಗೆಯನ್ನು ಮಾತ್ರ ಒಳಗೆ ಬಿಟ್ಟುಕೊಳ್ಳುತ್ತಲೇ ಇದೆ. ತಮ್ಮ ಕಾರ್ಮಿಕರಿಗೆ ಬೇಡವಾದ ವಿಷವನ್ನು ಇಲ್ಲಿನವರು ಉಸಿರಾಡಲಿ ಎಂಬ ಅರ್ಥ ಬರುವ ಈ ವ್ಯವಸ್ಥೆ ನ್ಯಾಯದ್ದಲ್ಲ.

ಬಿಸಿಯ ದಾರಿ ಕೇಳಲು ಸರಳ. ಮರದ ಕೋರ್, ಅಂದರೆ ಹಲಗೆಯ ನಟ್ಟನಡು, 56 ಡಿಗ್ರಿ ಸೆಲ್ಸಿಯಸ್‌ಗೆ ಏರಿ ಎಡೆಬಿಡದೆ 30 ನಿಮಿಷ ಅಲ್ಲೇ ನಿಲ್ಲಬೇಕು. ಪೈನ್ ಜಂತುಹುಳ ಸಾಯುವ ಮಟ್ಟವನ್ನು ಹಿಡಿದು ಈ ಅಂಕಿ ಬಂದದ್ದು. ಆ ಬಿಸಿಗೆ ಮೊಟ್ಟೆ, ಮರಿ, ದುಂಬಿ ಯಾವುದೂ ಉಳಿಯುವುದು ಕಷ್ಟ. ಎಲ್ಲ ಕಷ್ಟವೂ ಆ ‘ನಟ್ಟನಡು’ ಎಂಬ ಮಾತಿನಲ್ಲಿದೆ. ಕೆಂಡದಲ್ಲಿ ಸುಟ್ಟ ಹಲಸಿನ ಬೀಜದ ಸಿಪ್ಪೆ ಕರಿದಾದರೂ ಒಳಗೆ ಹಸಿ ಉಳಿಯುವಂತೆ, ಕೊಠಡಿಯ ಗಾಳಿ 70 ಡಿಗ್ರಿ ದಾಟಿದ್ದರೂ ದಪ್ಪ ದಿಂಡಿನ ಹೊಟ್ಟೆ ಇನ್ನೂ ತಣ್ಣಗಿರಬಹುದು. ಆದ್ದರಿಂದ ಒಟ್ಟಿಲಿನಲ್ಲಿ ಎಲ್ಲಕ್ಕಿಂತ ದಪ್ಪನೆಯ ತುಂಡನ್ನು ಆರಿಸಿ, ಸಣ್ಣ ರಂಧ್ರ ಕೊರೆದು, ತಾಪ ಅಳೆಯುವ ತಂತಿಯನ್ನು ನಡುವಿನ ತನಕ ತೂರಿಸಿ, ಬಿಸಿಗಾಳಿ ನುಗ್ಗದಂತೆ ರಂಧ್ರದ ಬಾಯನ್ನು ಮೆತ್ತುತ್ತಾರೆ. ಬಿಸಿ ಕಡಿಮೆ ತಲುಪುವ ಮೂಲೆಯಲ್ಲೇ ಆ ತುಂಡು ಇರಬೇಕು. ದೊಡ್ಡ ಫ್ಯಾನುಗಳು ಗಾಳಿ ತಿರುಗಿಸುತ್ತವೆ. ಹಲಗೆಗಳ ನಡುವೆ ರೀಪು ಇಟ್ಟು ಸಂದು ಬಿಟ್ಟಿರದಿದ್ದರೆ ಗಾಳಿ ಒಳಗೆ ಹೋಗುವುದೇ ಇಲ್ಲ. ತಂತಿ ತೋರಿಸುವ ತಾಪದ ದಾಖಲೆ ಕಾಗದದ ಮೇಲೋ ಕಂಪ್ಯೂಟರಿನಲ್ಲೋ ಉಳಿಯುತ್ತದೆ. ಸಸ್ಯ ಸಂಗರೋಧ ಇಲಾಖೆಯ ಅಧಿಕಾರಿ ಬಂದರೆ ಮೊದಲು ಕೇಳುವುದು ಅದನ್ನೇ.

ಉರುವಲಿಗೆ ಈ ಸೀಮೆಯಲ್ಲಿ ಬರವಿಲ್ಲ. ಸಾಮಿಲ್‌ನ ಹೊಟ್ಟು, ಚಕ್ಕೆ, ಅಡಿಕೆ ಸಿಪ್ಪೆ ಬೇಕಾದಷ್ಟಿವೆ. ಕಾಯಿಸಿದ ಹಲಗೆಯಲ್ಲಿ ವಿಷದ ಲೇಶವೂ ಉಳಿಯುವುದಿಲ್ಲ, ನಾಳೆ ಯಾರ ಒಲೆಗೆ ಹೋದರೂ ಹೋಗಲಿ.

ಹಾಗಿದ್ದೂ ಅನಿಲ ಉಳಿದಿರುವುದೇಕೆ? ಬಿಸಿ ಕೊಠಡಿ ಕಟ್ಟಲು ಬಂಡವಾಳ ಬೇಕು, ಅನಿಲಕ್ಕೆ ಹಾಳೆ, ಸಿಲಿಂಡರು, ಪರವಾನಗಿ ಇರುವವರ ಒಂದು ಭೇಟಿ ಸಾಕು. ಅದಕ್ಕಿಂತ ದೊಡ್ಡ ಕಾರಣ ಆತುರ. ಮರ ಕಾಯಿಸುವುದಾದರೆ ಸರಕು ತುಂಬುವ ಮೊದಲೇ ಯೋಚಿಸಿರಬೇಕು. ಅನಿಲವನ್ನಾದರೆ ಎರಕ ತುಂಬಿ, ಮೊಳೆ ಹೊಡೆದು, ಕಂಟೇನರಿಗೆ ಏರಿಸಿದ ಮೇಲೂ ಹಾಯಿಸಬಹುದು. ಹಡಗು ಹೊರಡುವ ದಿನ ಹತ್ತಿರವಾದಂತೆ ಕೈ ಸಿಲಿಂಡರಿನ ಕಡೆ ಹೋಗುತ್ತದೆ.

ಬೇರೆ ದಾರಿಗಳೂ ತೆರೆದಿವೆ. 2013ರಿಂದ ಮೈಕ್ರೋವೇವ್ ಬಿಸಿಗೂ ಒಪ್ಪಿಗೆ ಇದೆ: ಮರದ ಒಳಹೊರಗೆ ಎಲ್ಲ ಕಡೆ 60 ಡಿಗ್ರಿ, ಒಂದೇ ನಿಮಿಷ. ಯಂತ್ರ ದುಬಾರಿ. 2018ರಲ್ಲಿ ಸಲ್ಫ್ಯೂರಿಲ್ ಫ್ಲೋರೈಡ್ ಅನಿಲ ಸೇರಿತು. ಅದು ಓಝೋನ್ ಪದರಕ್ಕೆ ಕೈ ಹಾಕುವುದಿಲ್ಲವಾದರೂ ಭೂಮಿಯನ್ನು ಬಿಸಿಮಾಡುವ ಅನಿಲಗಳಲ್ಲಿ ಬಲಶಾಲಿ, ಮನುಷ್ಯನಿಗೂ ವಿಷವೇ.

ಪೆಟ್ಟಿಗೆಯ ಮರ ಎಲ್ಲಿಂದ ಬರುತ್ತದೆ ಎಂಬುದೂ ಈ ನಡುವೆ ಬದಲಾಯಿತು. ಕಾಡು ಉಳಿಸುವ ಬಗ್ಗೆ ನಡೆದ ಗೋದಾವರ್ಮನ್ ಪ್ರಕರಣದಲ್ಲಿ 1996ರ ಡಿಸೆಂಬರ್ 12ರಂದು ಸುಪ್ರೀಂ ಕೋರ್ಟ್ ಕೊಟ್ಟ ಆದೇಶದ ನಂತರ ಕಾಡಿನ ಮರಕ್ಕೂ ಸಾಮಿಲ್‌ಗಳಿಗೂ ಬಿಗಿ ಕಡಿವಾಣ ಬಿತ್ತು. ನ್ಯೂಜಿಲೆಂಡಿನಂಥ ದೇಶಗಳ ಪೈನ್ ಮರ ಭಾರತದ ಪ್ಯಾಕಿಂಗ್ ಉದ್ಯಮಕ್ಕೆ ಬಂತು. ಹೊರಗಿನಿಂದ ಬರುವ ಆ ದಿಮ್ಮಿಗಳಿಗೂ ಮೀಥೈಲ್ ಬ್ರೋಮೈಡ್ ಹಾಯಿಸುವ ರೂಢಿ. ಊರ ಬದಿಯ ನೆಡುತೋಪುಗಳ ಕಥೆ ಬೇರೆ. ಕಾಗದ ಕಾರ್ಖಾನೆಗಾಗಿ ಶಿವಮೊಗ್ಗ ಸೀಮೆಯಲ್ಲಿ ಸಾವಿರಾರು ಹೆಕ್ಟೇರಿನಲ್ಲಿ ಅಕೇಶಿಯಾ, ನೀಲಗಿರಿ ಎದ್ದವು. ಕಾರ್ಖಾನೆಯೇ 2015ರಲ್ಲಿ ನಿಂತಿತು. 2020ರಲ್ಲಿ ನೆಡುತೋಪಿನ ಗುತ್ತಿಗೆಯನ್ನು ಮತ್ತೆ 40 ವರ್ಷಕ್ಕೆ ಮುಂದುವರಿಸಿದಾಗ ‘ನಮ್ಮೂರಿಗೆ ಅಕೇಶಿಯಾ ಮರ ಬೇಡ’ ಎಂದು ಮಲೆನಾಡು ಬೀದಿಗಿಳಿಯಿತು. ಸಹಜ ಕಾಡು ಮರಳಿ ಬರಲಿ ಎಂಬ ಆ ಬೇಡಿಕೆ ಸರಿಯಾದದ್ದೇ. ಈಗಾಗಲೇ ಬೆಳೆದು ನಿಂತ ಅಕೇಶಿಯಾ ಕಡಿದು ತೆಗೆಯುವಾಗ ಅದು ಸೌದೆಯಾಗುವುದಕ್ಕಿಂತ ತೊಗಟೆ ಸುಲಿದು, ಕಾಯಿಸಿ, ಪೆಟ್ಟಿಗೆಯಾಗುವುದು ಮೇಲು.

ಮಲೆನಾಡಿನಲ್ಲಿ ಬಿಸಿಗೂ ಒಂದು ವೈರಿ ಇದೆ, ಮಳೆಗಾಲ. ಜೂನ್ ಬಂತೆಂದರೆ ಹಲಗೆ ತಾನಾಗಿ ಒಣಗುವುದು ನಿಲ್ಲುತ್ತದೆ. ಹಸಿ ಮರವನ್ನು ಹಾಗೆಯೇ ಕಾಯಿಸಿದರೆ ಹುಳ ಸಾಯುತ್ತದೆ ನಿಜ, ಆದರೆ ಒಳಗಿನ ನೀರು ಮೇಲ್ಮೈಗೆ ಬಂದು ನಿಲ್ಲುತ್ತದೆ. ಅಂಥ ಹಲಗೆಗಳನ್ನು ಒತ್ತೊತ್ತಾಗಿ ಒಟ್ಟಿ ಪ್ಲಾಸ್ಟಿಕ್ ಹೊದೆಸಿದರೆ ಕೆಲವೇ ದಿನಗಳಲ್ಲಿ ಹಸಿರು, ಕಪ್ಪು ಬೂಷ್ಟು. ನಿಯಮದ ಪ್ರಕಾರ ಬೂಷ್ಟು ಕೀಟವಲ್ಲ. ಆದರೆ ಕಂಟೇನರ್ ತೆರೆದ ಗಿರಾಕಿಗೆ ಅದನ್ನು ಒಪ್ಪಿಸುವುದು ಕಷ್ಟ. ಅನುಭವಸ್ಥರು ಹಲಗೆಯ ತೇವ ಶೇಕಡ 20ರ ಕೆಳಗೆ ಬರುವ ತನಕ ಕೊಠಡಿಯಲ್ಲೇ ಒಣಗಿಸುತ್ತಾರೆ. ಉರುವಲು ಹೆಚ್ಚು ಖರ್ಚಾಗುತ್ತದೆ, ಪೆಟ್ಟಿಗೆ ಹಗುರವಾಗುತ್ತದೆ, ಮೊಳೆ ಸಡಿಲವಾಗುವುದಿಲ್ಲ.

ಇನ್ನೊಂದು ಮಿತಿಯನ್ನೂ ಮರೆಯುವಂತಿಲ್ಲ. ಬಿಸಿ ಆಗ ಮರದಲ್ಲಿದ್ದ ಹುಳವನ್ನಷ್ಟೇ ಕೊಲ್ಲುತ್ತದೆ, ಆಮೇಲೆ ಬರುವುದನ್ನು ತಡೆಯುವುದಿಲ್ಲ. ಕಾಯಿಸಿದ ಪ್ಯಾಲೆಟ್ಟನ್ನು ಹುಲ್ಲು ಬೆಳೆದ ನೆಲದ ಮೇಲೆ ತಿಂಗಳುಗಟ್ಟಲೆ ಬಿಟ್ಟರೆ ಗೆದ್ದಲಿಗೆ ಮುದ್ರೆ ಓದಲು ಬರುವುದಿಲ್ಲ. ಸಿಮೆಂಟ್ ನೆಲ, ಮೇಲೆ ಶೀಟು, ಕೆಳಗೆ ಗಾಳಿಯಾಡಲು ಸಂದು ಬೇಕು. ಮುರಿದದ್ದನ್ನು ಸರಿಪಡಿಸುವಾಗಲೂ ಲೆಕ್ಕ ಇದೆ. ಮೂರನೇ ಒಂದು ಭಾಗದವರೆಗೆ ಹೊಸ ಹಲಗೆ ಹಾಕಿದರೆ ಅದು ದುರಸ್ತಿ, ಹಾಕುವ ಹಲಗೆಯೂ ಸಂಸ್ಕರಿಸಿದ್ದೇ ಆಗಿರಬೇಕು. ಅದಕ್ಕಿಂತ ಹೆಚ್ಚಾದರೆ ಹಳೆಯ ಮುದ್ರೆಗಳನ್ನೆಲ್ಲ ಅಳಿಸಿ, ಪೂರ್ತಿ ಮತ್ತೆ ಕಾಯಿಸಿ, ಹೊಸ ಮುದ್ರೆ ಒತ್ತಬೇಕು.

ಮೀಥೈಲ್ ಬ್ರೋಮೈಡ್ ಬಳಕೆಯನ್ನು ಕಡಿಮೆ ಮಾಡಿ, ಸಾಧ್ಯವಿದ್ದಲ್ಲಿ ಬದಲಿ ಹುಡುಕಿ ಎಂದು ಸಸ್ಯ ಸಂರಕ್ಷಣೆಯ ಅಂತರರಾಷ್ಟ್ರೀಯ ಆಯೋಗ 2008ರಲ್ಲೇ ಸದಸ್ಯ ದೇಶಗಳಿಗೆ ಶಿಫಾರಸು ಮಾಡಿದೆ. ಕಾನೂನಿನ ಬಾಗಿಲು ಪೂರ್ತಿ ಮುಚ್ಚುವ ತನಕ ಶಿವಮೊಗ್ಗ, ಭದ್ರಾವತಿಗಳ ಕಾರ್ಖಾನೆಗಳು ಕಾಯಬೇಕಾಗಿಲ್ಲ. ಪೆಟ್ಟಿಗೆ ಕೊಳ್ಳುವ ಆರ್ಡರಿನಲ್ಲಿ ‘ಎಚ್‌ಟಿ ಮುದ್ರೆ ಮಾತ್ರ’ ಎಂದು ಒಂದು ಸಾಲು ಸೇರಿಸಿ, ಪ್ರತಿ ಕಂತಿನ ಜೊತೆ ತಾಪಮಾನದ ದಾಖಲೆಯ ಪ್ರತಿ ಕೇಳಿದರೆ ಸಾಕು. ಸಣ್ಣ ಪ್ಯಾಲೆಟ್ ಘಟಕಗಳಿಗೆ ಒಬ್ಬೊಬ್ಬರಾಗಿ ಬಿಸಿ ಕೊಠಡಿ ಕಟ್ಟುವುದು ಭಾರವಾದರೆ, ಕೈಗಾರಿಕಾ ಪ್ರದೇಶಕ್ಕೊಂದರಂತೆ ಎಲ್ಲರೂ ಬಾಡಿಗೆಗೆ ಬಳಸುವ ಕೊಠಡಿಯನ್ನು ಕೈಗಾರಿಕಾ ಸಂಘಗಳೂ ಸರ್ಕಾರವೂ ಕೂಡಿ ಕಟ್ಟಬಹುದು.